ಮೊದಲು ಅಯಸ್ಕಾಂತ, ಆಮೇಲೆ ತಕ್ಕಡಿ, ಕೊನೆಗೆ ಇಸವಿ: ಅಪ್ಪನ ನಾಣ್ಯ ವಿಂಗಡಿಸಿದ ಅನುಭವ

ನಾಣ್ಯಗಳನ್ನು ಇಸವಿ ನೋಡಿ ಜೋಡಿಸಬೇಕು ಅಂತಲೇ ಎಲ್ಲರೂ ಹೇಳುವುದು. ನಾನು ಮೊದಲು ಲೋಹ, ಆಮೇಲೆ ತೂಕ, ಇಸವಿ ಕೊನೆಗೆ ಅಂತ ಹೊರಟಾಗ ಹಿರಿಯ ಸಂಗ್ರಾಹಕರೊಬ್ಬರು ನಕ್ಕರು. "ಅಲ್ಲಯ್ಯಾ, ಸಂಗ್ರಹ ಮಾಡ್ತಿದ್ದೀಯೋ, ಗುಜರಿ ಅಂಗಡಿ ಇಟ್ಟಿದ್ದೀಯೋ?" ಎಂದರು. ಮೊನ್ನೆ ಅವರೇ ಫೋನ್ ಮಾಡಿ, "ಆ ಅಯಸ್ಕಾಂತ ಎಲ್ಲಿ ಸಿಕ್ತಪ್ಪಾ?" ಎಂದು ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪನ ಸಂಗ್ರಹ ಇಪ್ಪತ್ತು ವರ್ಷಕ್ಕೂ ಜಾಸ್ತಿ ಅಟ್ಟದ ಮೇಲಿತ್ತು. ಹಾರ್ಲಿಕ್ಸ್ ಬಾಟಲಿಗಳು, ಒಂದು ಬಿಸ್ಕತ್ತಿನ ಡಬ್ಬ, ಒಂದು ಆಲ್ಬಂ. ಎಲ್ಲ ಸೇರಿ ಏಳೆಂಟು ಕೆಜಿ. ಬಾಟಲಿಯಲ್ಲಿ ಸುಮ್ನೆ ಸುರಿದಿದ್ದವು ಚೆನ್ನಾಗಿಯೇ ಇದ್ದವು. ಜೋಪಾನ ಮಾಡಿ ಆಲ್ಬಂಗೆ ಹಾಕಿದ್ದವೇ ಹಾಳಾಗಿದ್ದವು. ಪಿವಿಸಿ ಪ್ಲಾಸ್ಟಿಕ್ ಹಾಳೆ ಬೆವರಿ, ತಾಮ್ರಕ್ಕೆಲ್ಲ ಹಸಿರು ಅಂಟು ಹಿಡಿದಿತ್ತು.

ಒಬ್ಬ ವ್ಯಾಪಾರಿ ಮನೆಗೇ ಬಂದು ಎಲ್ಲಕ್ಕೂ ಸೇರಿಸಿ ಆರು ಸಾವಿರ ಅಂದ. ಬೆಳ್ಳಿ ರೂಪಾಯಿಗಳಿಗೆಲ್ಲ ಒಂದೇ ದರ, ಅದೂ ಕಡಿಮೆ ದರ. 1940ಕ್ಕಿಂತ ಹಿಂದಿನ ರೂಪಾಯಿಯಲ್ಲಿ ಬೆಳ್ಳಿ ಶೇ. 91.7, ಅಂದರೆ ಹತ್ತೂವರೆ ಗ್ರಾಂಗಿಂತ ಜಾಸ್ತಿ. 1940ರಿಂದ ಅರ್ಧಕ್ಕರ್ಧ. ಎರಡನ್ನೂ ಬೆರೆಸಿ ತೂಗಿದರೆ ಲಾಭ ಯಾರಿಗೆ ಅಂತ ನಿಮಗೆ ಹೇಳಬೇಕಿಲ್ಲ. ಕಾಫಿ ಕೊಟ್ಟು ಕಳಿಸಿದೆ.

ಅಯಸ್ಕಾಂತವನ್ನು ಕೆಟ್ಟ ಹಾರ್ಡ್ ಡಿಸ್ಕ್ ಬಿಚ್ಚಿ ತೆಗೆದೆ. ಖರ್ಚು ಸೊನ್ನೆ. ಹಳೇ ಬನಿಯನ್ ಬಟ್ಟೆ ಸುತ್ತಿಕೊಳ್ಳಿ, ಇಲ್ಲದಿದ್ದರೆ ಫಟ್ ಅಂತ ಎಗರಿ ಗೀರು ಬೀಳುತ್ತದೆ. 1988ರಿಂದೀಚಿನ ಸ್ಟೀಲಿನ ಹತ್ತು, ಇಪ್ಪತ್ತೈದು, ಐವತ್ತು ಪೈಸೆಗಳೆಲ್ಲ ಒಂದೇ ಏಟಿಗೆ ಹೊರಬಂದವು. ಅವುಗಳ ಜೊತೆಗೇ ಬಂದವು ನಿಕಲ್ ನಾಣ್ಯಗಳು. ಮಜಾ ಇರುವುದು ಇಲ್ಲೇ. 1945ರ ಅರ್ಧ ರೂಪಾಯಿ ಬೆಳ್ಳಿಯದು, 1946ರದ್ದು ನಿಕಲ್. ಸವೆದು ಕಪ್ಪಾದ ಮೇಲೆ ಎರಡೂ ಒಂದೇ ಥರ. ನಿಕಲ್ ಅಂಟುತ್ತದೆ, ಬೆಳ್ಳಿ ಅಂಟುವುದಿಲ್ಲ. ಅಯಸ್ಕಾಂತಕ್ಕೆ ಕನ್ನಡಕ ಬೇಕಿಲ್ಲ ನೋಡಿ. ಒಂದು ಸಂಜೆಯಲ್ಲಿ ಅರ್ಧ ರಾಶಿ ಕರಗಿತು.

ತಕ್ಕಡಿಗೆ ಐನೂರು ಚಿಲ್ಲರೆ ಕೊಟ್ಟ ನೆನಪು. ಪಾಯಿಂಟ್ ಸೊನ್ನೆ ಒಂದು ಗ್ರಾಂ ತೋರಿಸುವುದು ಸಾಕು. ಬೆಳ್ಳಿ ರೂಪಾಯಿ 11.66 ಇರಬೇಕು. ಸವೆದ ವಿಕ್ಟೋರಿಯಾ ಸ್ವಲ್ಪ ಕಡಿಮೆ ತೂಗಿದರೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಮಿರಮಿರ ಮಿಂಚುವ ಎರಡು ರೂಪಾಯಿ ಹತ್ತು ಗ್ರಾಂ ಆಸುಪಾಸಿನಲ್ಲೇ ನಿಂತವು. ನಕಲಿ. ಅಪ್ಪನಿಗೆ ಯಾರೋ ಟೋಪಿ ಹಾಕಿದ್ದಾರೆ. ಟಿಪ್ಪು ಕಾಲದ ತಾಮ್ರಕ್ಕಂತೂ ತಕ್ಕಡಿಯೇ ಗತಿ. ಮೌಲ್ಯದ ಅಂಕಿಯೇ ಇರುವುದಿಲ್ಲವಲ್ಲ! ಹನ್ನೊಂದು ಗ್ರಾಂ ಹತ್ತಿರ ಇದ್ದರೆ ಪೈಸೆ, ಅದರರ್ಧ ಇದ್ದರೆ ಅರ್ಧ ಪೈಸೆ.

ಇನ್ನು ಆಲ್ಬಂನ ಹಸಿರು ಅಂಟು. ಅದು ಅಸಿಟೋನ್ ಎಂಬ ದ್ರಾವಕಕ್ಕೆ ಬಿಟ್ಟಿತು. ನೇಲ್ ಪಾಲಿಶ್ ರಿಮೂವರ್ ಬೇಡ, ಅದರಲ್ಲಿ ಎಣ್ಣೆ, ಸುವಾಸನೆ ಎಲ್ಲ ಇರುತ್ತದೆ. ಕಿಟಕಿ ತೆಗೆದಿಡಿ, ಒಲೆ ಹತ್ತಿರ ಬೇಡವೇ ಬೇಡ. ಮಣ್ಣು ಕಚ್ಚಿದ ಮೈಸೂರಿನ ಆನೆ ಕಾಸುಗಳಿಗೆ ಇದೂ ನಾಟಲಿಲ್ಲ. ಕಡಲೆಕಾಯಿ ಎಣ್ಣೆಯಲ್ಲಿ ಮೂರು ಕಾಸು ನೆನೆಹಾಕಿ ನೋಡಿದೆ. ಒಂದೆರಡು ತಿಂಗಳಿಗೆ ಎಣ್ಣೆ ಕಮಟು ವಾಸನೆ ಬಂತು, ಮಣ್ಣು ಜಗ್ಗಲಿಲ್ಲ. ಹುಣಸೆಹಣ್ಣನ್ನು ಬೇಕೆಂದೇ ಒಂದು ಸವಕಲು ನಯಾ ಪೈಸೆ ಮೇಲೆ ಪ್ರಯೋಗ ಮಾಡಿದೆ. ಪೂಜೆಯ ಚೊಂಬಿನಂತೆ ಫಳಫಳ ಆಯಿತು, ಸಂಗ್ರಾಹಕನ ಲೆಕ್ಕದಲ್ಲಿ ಸತ್ತಿತು. ಕೊನೆಗೆ ಗೆದ್ದದ್ದು ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್. ಮಲಬದ್ಧತೆಗೆ ಕೊಡುತ್ತಾರಲ್ಲ, ಅದೇ. ಬಾಟಲಿಗೆ ನೂರು ನೂರೈವತ್ತು. "ನಾಣ್ಯಕ್ಕೆ ಭೇದಿ ಔಷಧಿನಾ?" ಅಂತ ಮನೆಯಲ್ಲಿ ನಗೆಯೋ ನಗೆ. ನಾಲ್ಕೈದು ತಿಂಗಳು ನೆನೆಹಾಕಿ, ನಡುನಡುವೆ ಬಿದಿರಿನ ಕಡ್ಡಿಯಿಂದ ಮಣ್ಣು ಎಬ್ಬಿಸಿದೆ. ಆನೆ ಎದ್ದು ಬಂತು. ಹಿಂದೆ "ಮಯಿಲಿ ಕಾಸು 20" ಅಂತ ಕನ್ನಡ ಅಕ್ಷರವೂ ಸಲೀಸಾಗಿ ಓದಲು ಬಂತು. ನೆನೆಹಾಕುವ ಮೊದಲು ಒಂದು ಕೆಲಸ ಮಾಡುತ್ತೇನೆ, ಎಣ್ಣೆ ಒರೆಸಿದ ಮೇಲೆ ಇನ್ನೊಂದು. ಅವೆರಡನ್ನೂ ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಇಸವಿ, ಟಂಕಸಾಲೆ ಗುರುತು ಕೊನೆಗೆ ನೋಡಿದೆ. ಹೈದರಾಬಾದಿನ ನಕ್ಷತ್ರ, ನೋಯ್ಡಾದ ಚುಕ್ಕೆ, ಮುಂಬೈನ ವಜ್ರ, ಗುರುತೇ ಇಲ್ಲದ ಕೋಲ್ಕತಾ. ರಾಶಿ ಚಿಕ್ಕದಾಗಿದ್ದರಿಂದ ಬೇಗ ಮುಗಿಯಿತು. ಈ ಮಧ್ಯೆ ಪಕ್ಕದ ಮನೆಯವರು ವೈಷ್ಣೋದೇವಿಯ ಐದು ರೂಪಾಯಿ ಹಿಡಿದು ಬಂದು, "ಹತ್ತು ಲಕ್ಷ ಬರುತ್ತಂತಲ್ಲ?" ಅಂದರು. ಐದು ರೂಪಾಯಿಗೆ ನಾನೇ ತಗೊಳ್ತೀನಿ ಅಂದೆ. ಬೇಜಾರಾಯಿತು ಅವರಿಗೆ.

ಲೆಕ್ಕ ಹೇಳಿಬಿಡುತ್ತೇನೆ. ಹೋಲ್ಡರ್, ಅಸಿಟೋನ್, ತಕ್ಕಡಿ ಎಲ್ಲ ಸೇರಿ ಎರಡೂವರೆ ಸಾವಿರ ದಾಟಿರಬಹುದು. ಒಂದೇ ಥರದವು ಜಾಸ್ತಿ ಇದ್ದ ಕೆಲವು ಬೆಳ್ಳಿ ರೂಪಾಯಿಗಳನ್ನು ಬೇರೆ ಕಡೆ ಮಾರಿದೆ. ಆ ವ್ಯಾಪಾರಿ ಇಡೀ ಡಬ್ಬಕ್ಕೆ ಹೇಳಿದ್ದಕ್ಕಿಂತ ಅವಷ್ಟರಿಂದಲೇ ಜಾಸ್ತಿ ಬಂತು. ಆನೆ ಕಾಸು ಒಂದನ್ನೂ ಕೊಟ್ಟಿಲ್ಲ.

ಉಳಿದಿರುವುದು ಟಿಪ್ಪುವಿನ ಒಂದು ಅರ್ಧ ಪೈಸೆ. ಆನೆ ಸ್ಪಷ್ಟ ಇದೆ, ಟಂಕಸಾಲೆಯ ಹೆಸರು ಅರ್ಧ ಅಳಿಸಿದೆ. ಪಟ್ಟಣವೋ (ಅಂದರೆ ಶ್ರೀರಂಗಪಟ್ಟಣ), ನಗರವೋ (ಅಂದರೆ ಬಿದನೂರು) ಗೊತ್ತಾಗುತ್ತಿಲ್ಲ. ಪಾರ್ಸಿ (ಪರ್ಷಿಯನ್) ಓದಬಲ್ಲವರು ಓದಿಕೊಟ್ಟರೆ, ಮುಚ್ಚಿಟ್ಟ ಎರಡು ಗುಟ್ಟಿನಲ್ಲಿ ಒಂದನ್ನು ಹೇಳುತ್ತೇನೆ.