ಸೋಲ್‌ಕಡಿಗೆ ಬಣ್ಣ ಸುರಿಯಬೇಕಿಲ್ಲ

ಪುನರ್ಪುಳಿ (ಕೋಕಂ) ರಸ, ತೆಂಗಿನಹಾಲು ಬೆರೆಸಿದ ನಸುಗೆಂಪು ಪಾನೀಯವೇ ಸೋಲ್‌ಕಡಿ. ಹಣ್ಣಿನ ಬಣ್ಣ ಬಿಸಿ, ಬೆಳಕು, ಗಾಳಿಗೆ ಮಾಸುತ್ತದೆ. ಒಂದು ಸಲದ ಹಣ್ಣಿನಂತೆ ಇನ್ನೊಂದು ಸಲದ್ದು ಇರುವುದಿಲ್ಲ. ಬಾಟಲಿ ಪಾನೀಯಗಳಿಗೆ ಬಣ್ಣ ಸೇರಿಸುವುದು ಬಹುಪಾಲು ಇದಕ್ಕೇ. ಅನುಮತಿಯಿರುವ ಕೃತಕ ಬಣ್ಣಕ್ಕೂ ಕಾನೂನಿನ ಮಿತಿ ಇದೆ: ಸಿದ್ಧ ಪಾನೀಯದಲ್ಲಿ ಕಿಲೋಗೆ 100 ಮಿಲಿಗ್ರಾಂ. ಮನೆಯಲ್ಲಿ ಅದರ ಅಗತ್ಯವೇ ಇಲ್ಲ.

ಮುಂಬಯಿಯ ಮಾಟುಂಗಾ ಮಾರುಕಟ್ಟೆಯಲ್ಲಿ ಆಮ್ಸೂಲ್, ಅಂದರೆ ನಮ್ಮ ಪುನರ್ಪುಳಿಯ ಒಣಸಿಪ್ಪೆ, ಕೊಳ್ಳುವಾಗ ಮೆತ್ತಗಿದ್ದು ಕಡುನೇರಳೆ ಇರುವುದನ್ನೇ ಆರಿಸಿ. 12-15 ಸಿಪ್ಪೆ ತೊಳೆದು, ಒಂದು ಲೋಟ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಚೆನ್ನಾಗಿ ಕಿವುಚಿ ಸೋಸಿ. ಸ್ಟೀಲ್ ಅಥವಾ ಗಾಜಿನ ಪಾತ್ರೆಯೇ ಇರಲಿ. ಹುಳಿ ರಸ ಅಲ್ಯೂಮಿನಿಯಂ, ಕಬ್ಬಿಣವನ್ನು ತಿನ್ನುತ್ತದೆ, ಬಣ್ಣವೂ ಕೆಡುತ್ತದೆ. ಎರಡು ಲೋಟ ತೆಂಗಿನಹಾಲಿಗೆ ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ, ಒಂದು ಹಸಿಮೆಣಸು, ಉಪ್ಪು ಹಾಕಿ, ಸೋಸಿದ ರಸವನ್ನು ಸ್ವಲ್ಪಸ್ವಲ್ಪವೇ ಬೆರೆಸಿ.

ನಸುಗೆಂಪಿನ ಬದಲು ಬೂದು-ನೇರಳೆ ಬಂತೇ? ಹುಳಿ ಸಾಲದು ಎಂದರ್ಥ. ಸಿಪ್ಪೆಯಲ್ಲಿರುವ ಆಂಥೋಸಯಾನಿನ್ ಎಂಬ ಸಹಜ ಬಣ್ಣ ಹುಳಿಯಲ್ಲಿ ಕೆಂಪಗಿದ್ದು, ಹುಳಿ ತಗ್ಗಿದಂತೆ ನೇರಳೆಗೆ ತಿರುಗುತ್ತದೆ. ಇನ್ನಷ್ಟು ರಸ ಹಾಕಿ, ಹುಳಿ ತಗ್ಗಿಸುವ ಸೋಡಾಪುಡಿ ಮಾತ್ರ ಬೇಡವೇ ಬೇಡ. ಬೆರೆಸಿದ ಮೇಲೆ ಕುದಿಸಿದರೆ ಹಾಲು ಒಡೆಯುತ್ತದೆ. ಫ್ರಿಜ್ಜಿನಲ್ಲಿಟ್ಟು ಅದೇ ದಿನ ಮುಗಿಸಿ.