ಕ್ಲಾಕ್ ಆನ್ ಆಗದೆ ರಿಜಿಸ್ಟರ್ ಮುಟ್ಟಬೇಡಿ: ಝಿಂಕ್ ಬೋರ್ಡಿಗೆ ಲಿನಕ್ಸ್ ಡ್ರೈವರ್ ಬರೆದ ಅನುಭವ

ಗದಗ ಸುತ್ತಲಿನ ಗಾಳಿಯಂತ್ರಗಳ ಗೇರ್‌ಬಾಕ್ಸ್ ಕಂಪನ ದಾಖಲಿಸುವ ಪೆಟ್ಟಿಗೆಗೆ ಹುಬ್ಬಳ್ಳಿಯಲ್ಲಿ ಕೂತು ಲಿನಕ್ಸ್ ಕರ್ನೆಲ್ ಡ್ರೈವರ್ (ಹಾರ್ಡ್‌ವೇರ್ ನಡೆಸುವ ತಂತ್ರಾಂಶ) ಬರೆಯುತ್ತೇನೆ. ಒಳಗಿರುವುದು ಝಿಂಕ್-7020 (Zynq) ಚಿಪ್ಪು: ಎರಡು ಕಾರ್ಟೆಕ್ಸ್-ಎ9 ಪ್ರೊಸೆಸರ್ ಕೋರ್, ಅದೇ ಚಿಪ್ಪಿನಲ್ಲಿ ಎಫ್‌ಪಿಜಿಎ (ನಮಗೆ ಬೇಕಾದ ಸರ್ಕ್ಯೂಟ್ ಕಟ್ಟಿಕೊಳ್ಳಬಹುದಾದ ಭಾಗ). ಎಡಿಸಿಯಿಂದ (ಕಂಪನದ ಸಂಕೇತವನ್ನು ಅಂಕಿಗಳಾಗಿಸುವ ಚಿಪ್ಪು) ಮಾದರಿ ಹಿಡಿಯುವ ನಮ್ಮ ಬ್ಲಾಕ್ ಎಫ್‌ಪಿಜಿಎ ಕಡೆಗಿದೆ. ಅದಕ್ಕೆ ಎರಡು ಕ್ಲಾಕ್, ಎಂದರೆ ಸರ್ಕ್ಯೂಟನ್ನು ನಡೆಸುವ ತಾಳದ ಸಂಕೇತ, ಬೇಕು. ಬ್ಲಾಕಿನ ರಿಜಿಸ್ಟರ್‌ಗಳನ್ನು (ಪ್ರೊಸೆಸರ್ ಅದನ್ನು ನಿಯಂತ್ರಿಸುವ ಪುಟ್ಟ ಸ್ಮೃತಿ ಜಾಗಗಳು) ಓದಿ ಬರೆಯಲು ಬಸ್ ಕ್ಲಾಕ್ (ಎಫ್‌ಕ್ಲಾಕ್0, ಎಫ್‌ಪಿಜಿಎಗೆ ಚಿಪ್ಪು ಕೊಡುವ ಕ್ಲಾಕ್‌ಗಳಲ್ಲಿ ಮೊದಲನೆಯದು, 100 ಮೆಗಾಹರ್ಟ್ಸ್), ಎಡಿಸಿಗೆ ಮಾದರಿ ಕ್ಲಾಕ್. ಪೆಟ್ಟಿಗೆ ಕೂರುವುದು ಗೋಪುರದ ತುದಿಯಲ್ಲಿ. ಹ್ಯಾಂಗ್ ಆದರೆ ಯಾರಾದರೂ ಮೇಲೆ ಹತ್ತಲೇಬೇಕು. ಹಾಗಾಗಿ ಕ್ಲಾಕ್ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ.

ಕ್ಲಾಕ್ ಆನ್ ಆಗದೆ ರಿಜಿಸ್ಟರ್ ಮುಟ್ಟುವ ತಪ್ಪಿಗೆ ಝಿಂಕ್‌ನಲ್ಲಿ ಕ್ಷಮೆ ಇಲ್ಲ. ಎಫ್‌ಕ್ಲಾಕ್0 ಆಫ್ ಇದ್ದಾಗ ಎಫ್‌ಪಿಜಿಎ ಕಡೆಯ ವಿಳಾಸವೊಂದನ್ನು ಓದಿದರೆ ಆ ಬಸ್ ವ್ಯವಹಾರಕ್ಕೆ ಉತ್ತರ ಕೊಡುವವರೇ ಇರುವುದಿಲ್ಲ, ಟೈಮ್‌ಔಟ್ ಕೂಡ ಇಲ್ಲ. ಕರೆಂಟ್ ಹೋದ ಬೋರ್‌ವೆಲ್ ಮುಂದೆ ಕೊಡ ಇಟ್ಟುಕೊಂಡು ಕಾಯುವ ಹಾಗೆ ಕೋರ್ ಕಾಯುತ್ತಲೇ ಇರುತ್ತದೆ. ಊಪ್ಸ್ (ಕರ್ನೆಲ್‌ನ ದೋಷ ವರದಿ) ಇಲ್ಲ, ಸ್ಟ್ಯಾಕ್ ಟ್ರೇಸ್ ಇಲ್ಲ, ಸೀರಿಯಲ್ ಕನ್ಸೋಲ್ ಗಪ್ಪಾಗಿ ಕೂತುಬಿಡುತ್ತದೆ. ಬೇರೆ ಕೆಲವು ಚಿಪ್ಪುಗಳಲ್ಲಿ ಎಕ್ಸ್‌ಟರ್ನಲ್ ಅಬಾರ್ಟ್ ಎಂಬ ಬಸ್ ದೋಷದ ಸೂಚನೆ ಆದರೂ ಬರುತ್ತದೆ, ಎಲ್ಲಿ ಬಿತ್ತು ಎಂದು ತಿಳಿಯುತ್ತದೆ. ಇಲ್ಲಿ ಆ ಭಾಗ್ಯವೂ ಇಲ್ಲ.

ಇದು ತಡವಾಗಿ ಬಯಲಾಗುವುದಕ್ಕೆ ಕಾರಣ ಕರ್ನೆಲ್‌ಗಿಂತ ಮೊದಲು ಓಡುವ ಬೂಟ್‌ಲೋಡರ್. ಮೊದಲ ಹಂತದ ಬೂಟ್‌ಲೋಡರ್ ಎಫ್‌ಕ್ಲಾಕ್‌ಗಳನ್ನು ಆನ್ ಮಾಡಿಯೇ ಕರ್ನೆಲ್‌ಗೆ ಒಪ್ಪಿಸುತ್ತದೆ. ಡ್ರೈವರ್ ಕ್ಲಾಕ್ ಕೇಳದಿದ್ದರೂ ಪ್ರೋಬ್ (ಡ್ರೈವರ್ ಸಾಧನವನ್ನು ಗುರುತಿಸಿ ಸಜ್ಜುಗೊಳಿಸುವ ಹಂತ) ಸಲೀಸಾಗಿ ಮುಗಿಯುತ್ತದೆ, ಐಡಿ ರಿಜಿಸ್ಟರ್ ಸರಿಯಾಗಿ ಓದಿಸಿಕೊಳ್ಳುತ್ತದೆ. ಆಮೇಲೆ ಬೂಟ್‌ನ ಕೊನೆಯಲ್ಲಿ ಕರ್ನೆಲ್‌ನ ಕಾಮನ್ ಕ್ಲಾಕ್ ಫ್ರೇಮ್‌ವರ್ಕ್ (2012ರ 3.4 ಆವೃತ್ತಿಯಿಂದ ಇರುವುದು) ಯಾರೂ ಕೇಳದ ಕ್ಲಾಕ್‌ಗಳನ್ನೆಲ್ಲ ಹುಡುಕಿ ಆಫ್ ಮಾಡುತ್ತದೆ. ಮುಂದಿನ ಓದಿಗೆ ಬೋರ್ಡ್ ಸತ್ತಂತೆ. ಅದೇ ಡ್ರೈವರನ್ನು ಮಾಡ್ಯೂಲ್ ಆಗಿ, ಎಂದರೆ ಬೂಟ್ ಆದ ಮೇಲೆ ಪ್ರತ್ಯೇಕವಾಗಿ, ಹಾಕಿದರೆ ಪ್ರೋಬ್‌ನ ಮೊದಲ ಓದಿನಲ್ಲೇ ಹ್ಯಾಂಗ್. ಕರ್ನೆಲ್‌ನೊಳಗೇ ಬಿಲ್ಟ್-ಇನ್ ಆದಾಗ ಪ್ರೋಬ್ ದಾಟಿ, ಮಾಡ್ಯೂಲ್ ಆದಾಗ ಪ್ರೋಬ್‌ನಲ್ಲೇ ಸಿಕ್ಕಿಬೀಳುವ ಡ್ರೈವರ್ ಕಂಡರೆ ನಾನು ಮೊದಲು ಅನುಮಾನಿಸುವುದು ಕ್ಲಾಕನ್ನೇ.

ಖಚಿತಪಡಿಸಿಕೊಳ್ಳಲು ಬೂಟ್ ಸಾಲಿಗೆ, ಯಾರೂ ಕೇಳದ ಕ್ಲಾಕನ್ನು ಆಫ್ ಮಾಡಬೇಡ ಎನ್ನುವ 'ಕ್ಲಾಕ್ ಇಗ್ನೋರ್ ಅನ್‌ಯೂಸ್ಡ್' ಆಯ್ಕೆ ಸೇರಿಸಿ ನೋಡುತ್ತೇನೆ. ಹ್ಯಾಂಗ್ ಮಾಯವಾದರೆ ರೋಗ ಗೊತ್ತಾಯಿತು. ಆದರೆ ಅದನ್ನೇ ಔಷಧಿ ಎಂದು ಬಿಟ್ಟುಬಿಡುವವರು ಬಹಳ. ನನ್ನ ಪ್ರಕಾರ ಅದು ಪರೀಕ್ಷೆಗಷ್ಟೇ. ಆ ಆಯ್ಕೆ ಇರುವವರೆಗೆ ಯಾವ ಡ್ರೈವರ್ ಯಾವ ಕ್ಲಾಕ್ ಮರೆತಿದೆ ಎಂಬುದು ಹೊರಬೀಳುವುದೇ ಇಲ್ಲ. ನಾಳೆ ಬೂಟ್‌ಲೋಡರ್ ಬದಲಾದರೆ ಅದೇ ಗೋಳು.

ಸರಿಯಾದ ಜಾಗ ಡಿವೈಸ್ ಟ್ರೀ, ಎಂದರೆ ಬೋರ್ಡಿನಲ್ಲಿ ಏನೇನಿದೆ ಎಂದು ಕರ್ನೆಲ್‌ಗೆ ಹೇಳುವ ಕಡತ. ನಮ್ಮ ಬ್ಲಾಕಿನ ನೋಡ್‌ನಲ್ಲಿ 'ಕ್ಲಾಕ್ಸ್' ಗುಣದಲ್ಲಿ ಕ್ಲಾಕ್ ಕಂಟ್ರೋಲರ್‌ನ 15 ಮತ್ತು 16ನೇ ಸೂಚ್ಯಂಕ ಕೊಡುತ್ತೇವೆ. ಝಿಂಕ್-7000ರಲ್ಲಿ 15 ಎಂದರೆ ಎಫ್‌ಕ್ಲಾಕ್0, 16 ಎಂದರೆ ಎಫ್‌ಕ್ಲಾಕ್1. ಜೊತೆಗೆ 'ಕ್ಲಾಕ್-ನೇಮ್ಸ್'ನಲ್ಲಿ 'ಬಸ್', 'ಸ್ಯಾಂಪಲ್' ಎಂಬ ಹೆಸರು. ಹೆಸರು ಕೊಡದೆ ಕ್ರಮಸಂಖ್ಯೆ ನಂಬಿದರೆ ಮುಂದೆ ಮೂರನೇ ಕ್ಲಾಕ್ ನಡುವೆ ತೂರಿಸಿದ ದಿನ ಎಲ್ಲ ಅದಲುಬದಲು.

ಪ್ರೋಬ್‌ನಲ್ಲಿ ಕ್ರಮ ಹೀಗೆ: ಎರಡೂ ಕ್ಲಾಕ್ ಹಿಡಿ, ಬಸ್ ಕ್ಲಾಕ್ ಆನ್ ಮಾಡು, ಆಮೇಲೆ ರಿಸೆಟ್ ಬಿಡು, ಆಮೇಲೆ ಐಡಿ ಓದು, ಎಲ್ಲಕ್ಕಿಂತ ಕೊನೆಗೆ ಇಂಟರಪ್ಟ್ (ಬ್ಲಾಕ್ ಪ್ರೊಸೆಸರ್‌ನ ಗಮನ ಸೆಳೆಯುವ ಸಂಕೇತ). ರಿಸೆಟ್‌ಗಿಂತ ಮೊದಲೇ ಕ್ಲಾಕ್ ಏಕೆಂದರೆ ಸಿಂಕ್ರೋನಸ್ ರಿಸೆಟ್ ಬ್ಲಾಕಿನೊಳಗೆ ಇಳಿಯುವುದೇ ಕ್ಲಾಕಿನ ಅಂಚು ಬಂದಾಗ. ಕ್ಲಾಕ್ ಇಲ್ಲದೆ ರಿಸೆಟ್ ಕೊಟ್ಟು ತೆಗೆದರೆ ಬ್ಲಾಕಿಗೆ ಅದು ಗೊತ್ತೇ ಆಗುವುದಿಲ್ಲ. ಕ್ಲಾಕ್ ಹಿಡಿಯುವಾಗ -517 ಬಂದರೆ ಅದು ದೋಷವಲ್ಲ, ಕ್ಲಾಕ್ ಒದಗಿಸುವ ಡ್ರೈವರ್ ಇನ್ನೂ ಎದ್ದಿಲ್ಲ, ಆಮೇಲೆ ಬಾ ಎಂದರ್ಥ. ಅದನ್ನು ಹಾಗೇ ಹಿಂದಿರುಗಿಸಬೇಕು. ಬೇರೆ ಸಂಖ್ಯೆಗೆ ಬದಲಿಸಿದರೆ ಕರ್ನೆಲ್ ಮತ್ತೆ ಪ್ರಯತ್ನಿಸುವುದಿಲ್ಲ. ಮುಂದೂಡಿದ ಸಾಧನಗಳ ಪಟ್ಟಿ ಕರ್ನೆಲ್‌ನ ಒಳಸ್ಥಿತಿ ತೋರಿಸುವ ಡೀಬಗ್‌ಎಫ್‌ಎಸ್‌ನ 'ಡಿವೈಸಸ್ ಡಿಫರ್ಡ್' ಕಡತದಲ್ಲಿ ಸಿಗುತ್ತದೆ.

ಇಂಟರಪ್ಟ್ ಕೊನೆಗೆ ಎಂದೆನಲ್ಲ, ಅಸಲಿ ಕಷ್ಟ ಪ್ರೋಬ್‌ನದಲ್ಲ, ಡ್ರೈವರ್ ತೆಗೆಯುವಾಗಿನದು. ಡ್ರೈವರ್ ತೆಗೆದಾಗ ಕರ್ನೆಲ್ ತಾನೇ ಬಿಡಿಸಿಕೊಳ್ಳುವ ಡೆವ್‌ಎಂ ವಿಧಾನದಲ್ಲಿ ಪಡೆದ ಸಂಪನ್ಮೂಲಗಳು ಪಡೆದ ಕ್ರಮಕ್ಕೆ ತದ್ವಿರುದ್ಧವಾಗಿ ಬಿಡುಗಡೆಯಾಗುತ್ತವೆ. ಮೊದಲು ಇಂಟರಪ್ಟ್, ಆಮೇಲೆ ಕ್ಲಾಕ್ ಪಡೆದಿದ್ದರೆ ತೆಗೆಯುವಾಗ ಮೊದಲು ಕ್ಲಾಕ್ ಆಫ್ ಆಗುತ್ತದೆ, ಇಂಟರಪ್ಟ್ ಇನ್ನೂ ಜೀವಂತ. ಆ ಸಂದಿಯಲ್ಲಿ ಒಂದು ಇಂಟರಪ್ಟ್ ಬಂದು, ಅದಕ್ಕೆ ಓಗೊಡುವ ಹ್ಯಾಂಡ್ಲರ್ ಫಂಕ್ಷನ್ ಸ್ಟೇಟಸ್ ರಿಜಿಸ್ಟರ್ ಓದಿದರೆ ಮುಗಿಯಿತು. ಇದಕ್ಕಿಂತ ಹೆಚ್ಚಾಗಿ ಕಾಣುವುದು ಅರ್ಧ ಡೆವ್‌ಎಂ, ಅರ್ಧ ಕೈಕೆಲಸದ ಡ್ರೈವರ್: ಇಂಟರಪ್ಟ್ ಡೆವ್‌ಎಂ ಮೂಲಕ, ಕ್ಲಾಕ್ ಆಫ್ ಮಾಡುವುದು ರಿಮೂವ್ ಫಂಕ್ಷನ್‌ನಲ್ಲಿ. ರಿಮೂವ್ ಮುಗಿದ ಮೇಲೆಯೇ ಡೆವ್‌ಎಂ ಬಿಡುಗಡೆ ಶುರುವಾಗುವುದರಿಂದ ಅದೇ ಸಂದಿ ಇಲ್ಲೂ ತೆರೆಯುತ್ತದೆ. ಪೂರ್ತಿ ಡೆವ್‌ಎಂ ಮಾಡಿ, ಇಲ್ಲವೇ ಪೂರ್ತಿ ಕೈಯಿಂದ. ಪಡೆದು ಆನ್ ಕೂಡ ಮಾಡಿಕೊಡುವ 'ಡೆವ್‌ಎಂ ಕ್ಲಾಕ್ ಗೆಟ್ ಎನೇಬಲ್ಡ್' 2022ರಿಂದ ಮುಖ್ಯ ಕರ್ನೆಲ್‌ನಲ್ಲೇ ಇದೆ, ಬಸ್ ಕ್ಲಾಕಿಗೆ ನಾನು ಬಳಸುವುದು ಅದನ್ನೇ. ಹಂಚಿಕೊಂಡ ಇಂಟರಪ್ಟ್ ಲೈನ್ ಆದರೆ 'ಡೀಬಗ್ ಶೇರ್ಡ್ ಐಆರ್‌ಕ್ಯೂ' ಆಯ್ಕೆ ಹಾಕಿ ಕರ್ನೆಲ್ ಕಟ್ಟಿ. ಲೈನ್ ಬಿಡುವಾಗ ಕರ್ನೆಲ್ ಬೇಕಂತಲೇ ಹ್ಯಾಂಡ್ಲರನ್ನು ಒಮ್ಮೆ ಕರೆಯುತ್ತದೆ, ತಪ್ಪು ಕ್ರಮ ಮೇಜಿನ ಮೇಲೆಯೇ ಸಿಕ್ಕಿಬೀಳುತ್ತದೆ.

ಮಾದರಿ ಕ್ಲಾಕ್ ಮಾತ್ರ ರನ್‌ಟೈಮ್ ಪಿಎಂ (ಬಳಕೆಯಲ್ಲಿಲ್ಲದಾಗ ಸಾಧನವನ್ನು ಮಲಗಿಸುವ ಕರ್ನೆಲ್ ವ್ಯವಸ್ಥೆ) ಕೈಯಲ್ಲಿದೆ: ದಾಖಲೆ ಶುರುವಾದಾಗ ಆನ್, ಮುಗಿದಾಗ ಆಫ್. ಇದಕ್ಕೆ ಬರೀ ಗೆಟ್ ಸಾಕು. ಎನೇಬಲ್ಡ್ ರೂಪ ಬಳಸಿ ಸಸ್ಪೆಂಡ್‌ನಲ್ಲಿಯೂ ಆಫ್ ಮಾಡಿದರೆ ಕೊನೆಗೆ ಎರಡನೇ ಸಲ ಆಫ್ ಮಾಡಿದಂತಾಗಿ 'ಆಲ್ರೆಡಿ ಡಿಸೇಬಲ್ಡ್' ಎಚ್ಚರಿಕೆ ಬರುತ್ತದೆ. ಕ್ಲಾಕ್ ಆನ್ ಮಾಡುವುದು ಎರಡು ಹೆಜ್ಜೆ: ಪ್ರಿಪೇರ್ ನಿದ್ರಿಸಬಹುದು (ಕಾಯುತ್ತಾ ಮಲಗಬಹುದು), ಎನೇಬಲ್ ನಿದ್ರಿಸಬಾರದು. ಹಾಗಾಗಿ ಇಂಟರಪ್ಟ್ ಹ್ಯಾಂಡ್ಲರ್ ಅಥವಾ ಸ್ಪಿನ್‌ಲಾಕ್ ಒಳಗೆ ಎನೇಬಲ್, ಡಿಸೇಬಲ್ ಮಾತ್ರ. ಬಸ್ ಕ್ಲಾಕ್ ಯಾವಾಗಲೂ ಆನ್. ಗೋಪುರದಲ್ಲಿ ಕರೆಂಟ್ ಇದ್ದೇ ಇರುತ್ತದೆ. ಚೂರು ವಿದ್ಯುತ್ ಉಳಿಸಲು ಪ್ರತಿ ರಿಜಿಸ್ಟರ್ ಓದಿನ ಮೊದಲೂ ಎಬ್ಬಿಸುವ ತಂಟೆ ಬೇಡ. ಉಳಿಸಲೇಬೇಕಾದವರು ರಿಜಿಸ್ಟರ್ ಓದು-ಬರಹ ನೋಡಿಕೊಳ್ಳುವ ರೆಗ್‌ಮ್ಯಾಪನ್ನು ಕ್ಲಾಕ್ ಹೆಸರಿನೊಂದಿಗೆ ತೆರೆಯಲಿ. ಆಗ ಪ್ರತಿ ಓದಿನ ಸುತ್ತ ಅದೇ ಕ್ಲಾಕ್ ಆನ್-ಆಫ್ ಮಾಡುತ್ತದೆ, ಡೀಬಗ್‌ಎಫ್‌ಎಸ್‌ನಿಂದ ಯಾರಾದರೂ ರಿಜಿಸ್ಟರ್ ಪಟ್ಟಿ ತೆರೆದರೂ ಬೋರ್ಡ್ ಹ್ಯಾಂಗ್ ಆಗುವುದಿಲ್ಲ.

ಇನ್ನು ಆವರ್ತನ. ಕಂಪನಕ್ಕೆ 25.6 ಕಿಲೋಹರ್ಟ್ಸ್ ಮಾದರಿ ದರ ಬೇಕು, 512 ಪಟ್ಟು ಎಂದರೆ ಎಡಿಸಿಗೆ 13.1072 ಮೆಗಾಹರ್ಟ್ಸ್. ಚಿಪ್ಪಿನೊಳಗೆ ಕ್ಲಾಕ್ ಹುಟ್ಟಿಸುವ ಐಒ ಪಿಎಲ್‌ಎಲ್ 1000 ಮೆಗಾಹರ್ಟ್ಸ್, ಅದರ ಮುಂದೆ 6 ಬಿಟ್‌ನ ಎರಡು ಭಾಜಕ. ಬೇಕಾದದ್ದು 76.29ರ ಭಾಗಾಕಾರ, ಸಿಗುವುದು 76, ಎಂದರೆ 13.158 ಮೆಗಾಹರ್ಟ್ಸ್. ಶೇ 0.39 ಹೆಚ್ಚು. ಆವರ್ತನ ಹೊಂದಿಸುವ ಸೆಟ್ ರೇಟ್ ಕರೆ ಸೊನ್ನೆ ಹಿಂದಿರುಗಿಸಿ 'ಎಲ್ಲ ಸರಿ' ಎನ್ನುತ್ತದೆ, ಆದರೆ 1000 ಹರ್ಟ್ಸ್‌ನ ಗೇರ್ ಕಂಪನ ಗ್ರಾಫ್‌ನಲ್ಲಿ 996ರ ಹತ್ತಿರ ನಿಲ್ಲುತ್ತದೆ. ಬೇರಿಂಗ್ ದೋಷದ ಪಕ್ಕಪಟ್ಟಿ (ಮುಖ್ಯ ಆವರ್ತನದ ಅಕ್ಕಪಕ್ಕ ಮೂಡುವ ಚಿಕ್ಕ ಶಿಖರಗಳು) ಹುಡುಕುವವರಿಗೆ ಇದು ದೊಡ್ಡ ವ್ಯತ್ಯಾಸ. ಸೆಟ್ ರೇಟ್ ಆದ ಮೇಲೆ ಗೆಟ್ ರೇಟ್ ಕೇಳಿ, ಬಂದ ಸಂಖ್ಯೆಯನ್ನೇ ಮೇಲಿನ ತಂತ್ರಾಂಶಕ್ಕೆ ಕೊಡಬೇಕು. ಈಗಿನ ಬೋರ್ಡಿನಲ್ಲಿ 13.1072ರ ಪ್ರತ್ಯೇಕ ಆಸಿಲೇಟರ್ ಕೂರಿಸಿದ್ದೇವೆ, ಡಿವೈಸ್ ಟ್ರೀಯಲ್ಲಿ 16ರ ಜಾಗಕ್ಕೆ ಒಂದು 'ಫಿಕ್ಸ್ಡ್-ಕ್ಲಾಕ್' ನೋಡ್ ಬಂದಿದೆ, ಡ್ರೈವರ್‌ನಲ್ಲಿ ಒಂದು ಸಾಲೂ ಬದಲಾಗಲಿಲ್ಲ. ಪಿಎಲ್‌ಎಲ್‌ಗಿಂತ ಜಿಟ್ಟರ್ (ತಾಳದ ಅಲುಗಾಟ) ಕೂಡ ಕಡಿಮೆ.

ಗೆಟ್ ರೇಟ್ ಕೊಡುವ ಸಂಖ್ಯೆಯನ್ನು ಸಮ ಚಿಹ್ನೆಯಿಂದ ಹೋಲಿಸಬೇಡಿ. ಬೋರ್ಡಿನ ಮೂಲ ಕ್ಲಾಕ್ ಡಿವೈಸ್ ಟ್ರೀಯಲ್ಲಿ 33333333 ಎಂದಿರುತ್ತದೆ. ಪಿಎಲ್‌ಎಲ್ ಅದನ್ನು 30ರಿಂದ ಗುಣಿಸಿ, ಎಫ್‌ಕ್ಲಾಕ್0ರ ಭಾಜಕ 10ರಿಂದ ಭಾಗಿಸಿದರೆ 99999999, 100000000 ಅಲ್ಲ.

ಹೊಸ ಬಿಲ್ಡ್ ಗದಗಕ್ಕೆ ಹೋಗುವ ಮುನ್ನ ಡೀಬಗ್‌ಎಫ್‌ಎಸ್‌ನ 'ಕ್ಲಾಕ್ ಸಮ್ಮರಿ' ತೆರೆದು ಎನೇಬಲ್ ಎಣಿಕೆಯ ಕಂಬ ನೋಡುತ್ತೇನೆ. ದಾಖಲೆ ನಿಂತಾಗ ಬಸ್ 1, ಸ್ಯಾಂಪಲ್ 0. ನಡೆಯುವಾಗ ಎರಡೂ 1. ಆಮೇಲೆ ಇಂಟರಪ್ಟ್ ಸುರಿಯುತ್ತಿರುವಾಗಲೇ ಸಿಸ್‌ಎಫ್‌ಎಸ್ ಮೂಲಕ ಡ್ರೈವರನ್ನು ಅನ್‌ಬೈಂಡ್, ಬೈಂಡ್ (ಬಿಡಿಸಿ ಮತ್ತೆ ಜೋಡಿಸುವುದು) ಮಾಡುವ ಸ್ಕ್ರಿಪ್ಟ್ ರಾತ್ರಿಯಿಡೀ ಓಡಬೇಕು. ಬೆಳಿಗ್ಗೆ ಸ್ಯಾಂಪಲ್‌ನ ಎಣಿಕೆ 1ಕ್ಕಿಂತ ಮೇಲೆ ಹೋಗಿದ್ದರೆ ಯಾವುದೋ ದೋಷದ ದಾರಿಯಲ್ಲಿ ಆಫ್ ಮಾಡುವ ಕರೆ ತಪ್ಪಿದೆ ಎಂದರ್ಥ. ಬಹುತೇಕ ಅದು ರನ್‌ಟೈಮ್ ಪಿಎಂ 'ಗೆಟ್ ಸಿಂಕ್' ಸೋತಾಗ ಅದರ ಬಳಕೆ ಎಣಿಕೆ ಇಳಿಸದೆ ಬಿಟ್ಟ ಜಾಗ. ಅಲ್ಲಿ 'ರೆಸ್ಯೂಮ್ ಅಂಡ್ ಗೆಟ್' ಹಾಕಿದರೆ ಸೋತಾಗ ಆ ಬಳಕೆ ಎಣಿಕೆ ತಾನೇ ಇಳಿಯುತ್ತದೆ.