ಮನೆಯ ಯಂತ್ರ ಕೆಟ್ಟರೆ ಮೊದಲು ಯಾರನ್ನು ಕೇಳಬೇಕು? ಹೊಸದಾಗಿ ಬಂದವರಿಗೆ

ಪರದೇಶದಲ್ಲಿ ವಾಷಿಂಗ್ ಮಷೀನ್ ಕೆಟ್ಟು ನಿಂತರೆ ಹೊಸದಾಗಿ ಬಂದವರು ಸಾಮಾನ್ಯವಾಗಿ ಮೊದಲು ಸಿಕ್ಕ ಮೆಕ್ಯಾನಿಕ್‌ಗೆ ಫೋನ್ ಮಾಡುತ್ತಾರೆ, ಇಲ್ಲವೇ ಹೊಸದನ್ನೇ ಕೊಂಡುಬಿಡುತ್ತಾರೆ. ಎರಡೂ ಕೈ ಸುಡುವ ದಾರಿಗಳು. ಇಲ್ಲೆಲ್ಲ ಬಿಡಿಭಾಗಕ್ಕಿಂತ ಒಬ್ಬ ಕೆಲಸಗಾರ ಮನೆಗೆ ಬಂದು ನೋಡುವ ಅರ್ಧ ಗಂಟೆಯೇ ದುಬಾರಿ. ತಿರುಪು ಬಿಚ್ಚುವ ಮೊದಲೇ ಭೇಟಿ ಶುಲ್ಕ ನಿಮ್ಮ ಲೆಕ್ಕಕ್ಕೆ ಬಿದ್ದಿರುತ್ತದೆ. ಆದ್ದರಿಂದ ಪುಕ್ಕಟೆ ನೆರವು ಬೇಕೆನ್ನುವವರು ಫೋನ್ ಎತ್ತುವ ಮುನ್ನ ಎರಡು ವಿಷಯ ತಿಳಿದುಕೊಳ್ಳಬೇಕು: ಆ ಭೇಟಿ ನಿಜಕ್ಕೂ ಬೇಕೇ, ಬೇಕಾದರೆ ಅದರ ಖರ್ಚು ಯಾರದು.

ಖರ್ಚು ಯಾರದು ಎಂಬುದರಿಂದಲೇ ಶುರು ಮಾಡೋಣ. ಬಾಡಿಗೆ ಮನೆಯಲ್ಲಿ ಫ್ರಿಜ್, ಒಲೆ, ಡಿಶ್‌ವಾಷರ್ ಮನೆಯೊಂದಿಗೇ ಬಂದಿದ್ದರೆ ಅವನ್ನು ಸರಿಪಡಿಸುವ ಹೊಣೆ ಬಹುಮಟ್ಟಿಗೆ ಮಾಲೀಕರದು. ಬಹುಮಟ್ಟಿಗೆ ಎಂದೆ, ಏಕೆಂದರೆ ಇದನ್ನು ತೀರ್ಮಾನಿಸುವುದು ನೀವು ಸಹಿ ಹಾಕಿದ ಕರಾರು ಮತ್ತು ಅದರ ಜೊತೆಗಿರುವ ಸಾಮಾನು ಪಟ್ಟಿ. ಇಂಗ್ಲೆಂಡಿನಲ್ಲಿ ಮನೆ ಬಿಸಿ ಮಾಡುವ ವ್ಯವಸ್ಥೆ ಮತ್ತು ಬಿಸಿನೀರು 1985ರ ಮಾಲೀಕ–ಬಾಡಿಗೆದಾರ ಕಾಯಿದೆಯ (ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಆ್ಯಕ್ಟ್) ಪ್ರಕಾರವೇ ಮಾಲೀಕರ ಹೊಣೆ. ಫ್ರಿಜ್‌ನಂಥವುಗಳಿಗೆ ಕರಾರನ್ನೇ ಓದಬೇಕು. ಜರ್ಮನಿಯ ಕರಾರುಗಳಲ್ಲಿ ಸಣ್ಣಪುಟ್ಟ ರಿಪೇರಿಯ ಖರ್ಚನ್ನು ಒಂದು ಮಿತಿಯವರೆಗೆ ಬಾಡಿಗೆದಾರರೇ ಭರಿಸಬೇಕೆಂಬ ಷರತ್ತು ಸಾಮಾನ್ಯ.

ಮಾಲೀಕರಿಗೆ ತಿಳಿಸಲು ನಮ್ಮವರಿಗೆ ಸಂಕೋಚ. ದೂರು ಹೇಳಿದರೆ ಬಾಡಿಗೆ ಏರಿಸಿಯಾರು, ಮನೆ ಬಿಡಿಸಿಯಾರು ಎಂಬ ಅಳುಕು. ತಿಳಿಸದೆ ಕೂತರೆ ಆಗುವುದು ಬೇರೆ: ಸೋರುವ ಡಿಶ್‌ವಾಷರ್ ನೆಲದ ಹಲಗೆಯನ್ನು ಕೆಡಿಸುತ್ತದೆ, ಆ ಹಾನಿ ನಿಮ್ಮ ಮುಂಗಡದಿಂದ ಕಳೆಯುತ್ತದೆ. ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆ ಇರುವುದಿಲ್ಲ. ಏನಾಯಿತು, ಯಾವ ದಿನದಿಂದ ಎಂದು ನಾಲ್ಕು ಸಾಲು ಬರೆದು, ಎರಡು ಫೋಟೋ ಸೇರಿಸಿ ಇಮೇಲ್ ಕಳಿಸಿ. ಮಾಲೀಕರ ಯಂತ್ರವನ್ನು ನೀವಾಗಿ ಬಿಚ್ಚಬೇಡಿ. ಬಾಡಿಗೆಯಲ್ಲಿ ಕಡಿತ ಮಾಡುವ ವಿಚಾರವಂತೂ ಬಾಡಿಗೆದಾರರ ಸಂಘವನ್ನು ಕೇಳದೆ ಬೇಡ. ಕೆಲವೆಡೆ ಕಾನೂನು ಅದಕ್ಕೆ ಅವಕಾಶ ಕೊಟ್ಟಿದ್ದರೂ ಕ್ರಮ ತಪ್ಪಿದರೆ ಬಾಡಿಗೆ ಬಾಕಿ ಉಳಿಸಿಕೊಂಡವರು ಎಂಬ ಹಣೆಪಟ್ಟಿ ಬೀಳುತ್ತದೆ.

ಯಂತ್ರ ನಿಮ್ಮದೇ ಆಗಿದ್ದರೆ ರಸೀದಿ ಹುಡುಕಿ. ಕಂಪನಿಯ ವಾರಂಟಿ ಮುಗಿದ ಮಾತ್ರಕ್ಕೆ ಕೈಚೆಲ್ಲಬೇಕಿಲ್ಲ, ಏಕೆಂದರೆ ಹಲವು ದೇಶಗಳಲ್ಲಿ ಕಾನೂನು ಕೊಡುವ ರಕ್ಷಣೆ ವಾರಂಟಿಗಿಂತ ಉದ್ದ. ಐರೋಪ್ಯ ಒಕ್ಕೂಟದಲ್ಲಿ ಹೊಸ ಸರಕಿಗೆ ಕನಿಷ್ಠ 2 ವರ್ಷ ಮಾರಿದವರೇ ಹೊಣೆ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕು ಕಾಯಿದೆಯಡಿ ಮೊದಲ 6 ತಿಂಗಳಲ್ಲಿ ಕಾಣಿಸಿದ ದೋಷ ಮಾರುವಾಗಲೇ ಇತ್ತೆಂದು ಭಾವಿಸಲಾಗುತ್ತದೆ; ಇಲ್ಲವೆಂದು ಸಾಧಿಸುವ ಕೆಲಸ ಅಂಗಡಿಯದು. ಆಸ್ಟ್ರೇಲಿಯಾದಲ್ಲಿ ಸರಕು ನ್ಯಾಯವಾದ ಕಾಲದವರೆಗೆ ಬಾಳಬೇಕೆಂಬ ಭರವಸೆಯನ್ನು ಕಾನೂನೇ ಕೊಡುತ್ತದೆ, ವಾರಂಟಿ ಚೀಟಿಯಲ್ಲಿ ಏನೇ ಬರೆದಿರಲಿ. ಅಮೆರಿಕದಲ್ಲಿರುವವರು 1975ರ ಮ್ಯಾಗ್ನುಸನ್–ಮಾಸ್ ಕಾಯಿದೆಯನ್ನು ನೆನಪಿಡಿ: ಹೊರಗಿನವರ ಬಳಿ ರಿಪೇರಿ ಮಾಡಿಸಿದಿರಿ ಎಂಬ ಒಂದೇ ಕಾರಣಕ್ಕೆ ಕಂಪನಿ ವಾರಂಟಿ ರದ್ದು ಮಾಡುವಂತಿಲ್ಲ. ಅಂಗಡಿಯ ಮೇಜಿನ ಹಿಂದೆ ನಿಂತಿರುವ ಹುಡುಗನಿಗೆ ಇವೆಲ್ಲ ಗೊತ್ತಿರಲಾರದು. ‘ವಾರಂಟಿ ಮುಗಿದಿದೆ, ತಯಾರಕರನ್ನು ಕೇಳಿ’ ಎನ್ನುತ್ತಾನೆ. ಅಲ್ಲೇ ವಾದಕ್ಕೆ ನಿಲ್ಲದೆ ಕಾಯಿದೆಯ ಹೆಸರು ಬರೆದು ಪತ್ರ ಕಳಿಸಿ. ಮಾತಿಗೆ ಬಗ್ಗದವರು ಕಾಗದಕ್ಕೆ ಬಗ್ಗುತ್ತಾರೆ.

ಮಾದರಿ ಸಂಖ್ಯೆಯನ್ನು ಒಮ್ಮೆ ಸರ್ಕಾರದ ರೀಕಾಲ್ ಪಟ್ಟಿಯಲ್ಲೂ ನೋಡಿ. ಅಮೆರಿಕದಲ್ಲಿ ಇದನ್ನು ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ನಡೆಸುತ್ತದೆ, ಯುರೋಪಿನಲ್ಲಿ ‘ಸೇಫ್ಟಿ ಗೇಟ್’ ಎಂಬ ವ್ಯವಸ್ಥೆಯಿದೆ. ಸುರಕ್ಷತೆಯ ದೋಷವೆಂದು ಕಂಪನಿ ಯಂತ್ರವನ್ನು ಹಿಂದಕ್ಕೆ ಕರೆದಿದ್ದರೆ ದುರಸ್ತಿಯನ್ನೋ ಬದಲಿ ಯಂತ್ರವನ್ನೋ ಹಣವನ್ನೋ ಅವರೇ ಕೊಡುತ್ತಾರೆ. ನೀವು ಹಳೆಯದನ್ನು ಕೊಂಡವರಾದರೂ ಸಾಮಾನ್ಯವಾಗಿ ಇದು ಅನ್ವಯಿಸುತ್ತದೆ.

ಇಷ್ಟಾದರೂ ಹೊಣೆ ನಿಮ್ಮದೇ ಎಂದಾದರೆ, ಭೇಟಿ ಬೇಕೇ ಎಂಬ ಪ್ರಶ್ನೆಗೆ ಬನ್ನಿ. ‘ಕೆಟ್ಟಿದೆ’ ಎನಿಸುವ ಎಷ್ಟೋ ಯಂತ್ರಗಳಿಗೆ ಆಗಿರುವುದು ಕ್ಷುಲ್ಲಕ ತೊಂದರೆ. ಅಮೆರಿಕದ ಅಡುಗೆಮನೆ, ಬಚ್ಚಲುಮನೆಗಳ ಸಾಕೆಟ್‌ಗಳಲ್ಲಿ ಎರಡು ಪುಟ್ಟ ಗುಂಡಿಗಳಿರುತ್ತವೆ. ಸೋರಿಕೆ ವಿದ್ಯುತ್ತಿನ ಸುಳಿವು ಸಿಕ್ಕೊಡನೆ ಆ ಸಾಕೆಟ್ ತಾನೇ ಸಂಪರ್ಕ ಕಡಿಯುತ್ತದೆ, ‘ರೀಸೆಟ್’ ಒತ್ತಿದರೆ ಜೀವ ಬರುತ್ತದೆ. ಬ್ರಿಟನ್ನಿನ ಪ್ಲಗ್‌ನ ಹೊಟ್ಟೆಯಲ್ಲೇ ಫ್ಯೂಸ್ ಇದೆ, ಅದು ಸುಟ್ಟಿದ್ದರೂ ಯಂತ್ರ ಓಡದು; ಸಾಮಾನ್ಯವಾಗಿ 3 ಅಥವಾ 13 ಆಂಪಿಯರ್‌ನದು. ಹೊಸ ಫ್ರಿಜ್‌ನ ದೀಪ ಉರಿಯುತ್ತಿದ್ದು ತಂಪಾಗದಿದ್ದರೆ ಅದು ಅಂಗಡಿಯ ಪ್ರದರ್ಶನ ಸ್ಥಿತಿಯಲ್ಲೇ ಉಳಿದಿರಬಹುದು. ಕೈಪಿಡಿ ನೋಡಿ ಅದನ್ನು ತೆಗೆಯಬಹುದು. ಗುಂಡಿಗಳು ಕೇಳದಿದ್ದರೆ ಮಕ್ಕಳ ಬೀಗ ಬಿದ್ದಿರಬಹುದು. ಇಂಥ ಕಾರಣಕ್ಕೆ ಕೆಲಸಗಾರನನ್ನು ಕರೆಸಿದರೆ, ವಾರಂಟಿ ಇದ್ದರೂ ‘ದೋಷ ಕಂಡುಬಂದಿಲ್ಲ’ ಎಂದು ಬರೆದು ಹಣ ಕೇಳುವುದುಂಟು.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಮುಂಬಾಗಿಲಿನ ವಾಷಿಂಗ್ ಮಷೀನು ನೀರು ಹೊರಹಾಕದೆ ನಿಲ್ಲುವುದು. ಎಲ್‌ಜಿ ಯಂತ್ರದ ಪರದೆಯ ಮೇಲೆ ‘ಓ-ಇ’, ಬಾಷ್‌ನಲ್ಲಿ ‘ಇ-18’ ಎಂಬ ಸಂಕೇತ ಕಂಡರೆ ಇದೇ ರೋಗ. ಪ್ಲಗ್ ಕಿತ್ತು, ಒಳಗಿನ ನೀರು ಬಿಸಿಯಿದ್ದರೆ ಆರಲು ಬಿಡಿ. ಯಂತ್ರದ ಮುಂಭಾಗದ ಕೆಳಮೂಲೆಯಲ್ಲಿ ಅಂಗೈಯಗಲದ ಒಂದು ಮುಚ್ಚಳ ಇರುತ್ತದೆ. ಅದನ್ನು ತೆರೆದರೆ ದುಂಡನೆಯ ದೊಡ್ಡ ತಿರುಪು, ಎಷ್ಟೋ ಮಾದರಿಗಳಲ್ಲಿ ಅದರ ಪಕ್ಕಕ್ಕೊಂದು ಸಣ್ಣ ರಬ್ಬರ್ ಕೊಳವೆ. ತಗ್ಗಾದ ತಟ್ಟೆ ಇಟ್ಟು ಮೊದಲು ಆ ಕೊಳವೆಯಿಂದ ನೀರು ಬಸಿಯಿರಿ; ನೀವೆಣಿಸಿದ್ದಕ್ಕಿಂತ ಹೆಚ್ಚು ನೀರು ಬರುತ್ತದೆ, ಹಳೆಯ ಟವೆಲ್ ಹತ್ತಿರವಿರಲಿ. ಆಮೇಲೆ ತಿರುಪನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿ ಹೊರಗೆಳೆಯಿರಿ. ನಾಣ್ಯ, ಹೇರ್‌ಪಿನ್, ಗುಂಡಿ, ನೂಲಿನ ಗಂಟು ಎಲ್ಲ ಅಲ್ಲಿರುತ್ತವೆ. ಟಾರ್ಚ್ ಬೆಳಕು ಹಾಯಿಸಿ ನೋಡಿದರೆ ಹಿಂದೆ ಪಂಪಿನ ಪುಟ್ಟ ರೆಕ್ಕೆಗಳು ಕಾಣಿಸುತ್ತವೆ. ಅವನ್ನು ಬೆರಳಿನಿಂದ ತಿರುಗಿಸಿದಾಗ ಸರಾಗವಾಗಿ ತಿರುಗದೆ ತಡೆತಡೆದು ಸಾಗಿದರೆ ಗಾಬರಿ ಬೇಡ, ಒಳಗೆ ಅಯಸ್ಕಾಂತ ಇರುವುದರಿಂದ ಅವು ತಿರುಗುವುದೇ ಹಾಗೆ. ಅಲ್ಲಾಡದಂತೆ ಸಿಕ್ಕಿಕೊಂಡಿದ್ದರೆ ಮಾತ್ರ ಏನೋ ಅಡ್ಡಬಿದ್ದಿದೆ. ಮುಚ್ಚುವಾಗ ತಿರುಪನ್ನು ಓರೆಯಾಗಿ ಕೂರಿಸಬೇಡಿ. ಕೆಲಸಗಾರ ಬಂದರೂ ಮೊದಲು ಮಾಡುವುದು ಇಷ್ಟನ್ನೇ.

ಯಾವುದಕ್ಕೆ ಕೈ ಹಾಕಬಾರದು ಎಂಬುದನ್ನೂ ಹೇಳಿಬಿಡುತ್ತೇನೆ. ಮೈಕ್ರೊವೇವ್‌ನ ಹೊದಿಕೆ ತೆಗೆಯಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ನಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು. ಗ್ಯಾಸ್ ಸಂಪರ್ಕ ಮುಟ್ಟಬೇಡಿ. ಬ್ರಿಟನ್ನಿನಲ್ಲಿ ‘ಗ್ಯಾಸ್ ಸೇಫ್’ ನೋಂದಣಿ ಇರುವವರೇ ಆ ಕೆಲಸ ಮಾಡಬೇಕೆಂದು ಕಾನೂನಿದೆ. ಫ್ರಿಜ್‌ನ ಶೀತಕ ಅನಿಲ ತುಂಬುವುದಕ್ಕೂ ಅಮೆರಿಕ, ಯುರೋಪ್‌ಗಳಲ್ಲಿ ಸಾಮಾನ್ಯವಾಗಿ ಪ್ರಮಾಣಪತ್ರ ಬೇಕು. ಇವುಗಳಲ್ಲಿ ದುಡ್ಡು ಉಳಿಸಲು ಹೋಗಬೇಡಿ.

ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಯಂತ್ರವಾದರೆ ನಿಮಗೆ ರಿಪೇರಿ ಕೆಫೆ ಇದೆ, ಅಂದರೆ ಕೆಟ್ಟ ವಸ್ತುಗಳನ್ನು ಜೊತೆಗೆ ಕೂತು ಸರಿಪಡಿಸುವ ಕೂಟ. ಪತ್ರಕರ್ತೆ ಮಾರ್ಟೀನ್ ಪೋಸ್ಟ್‌ಮಾ 2009ರ ಅಕ್ಟೋಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮೊದಲನೆಯದನ್ನು ನಡೆಸಿದರು. ಈಗ ಹಲವಾರು ದೇಶಗಳಲ್ಲಿ ಗ್ರಂಥಾಲಯ, ಚರ್ಚ್ ಸಭಾಂಗಣ, ಸಮುದಾಯ ಭವನಗಳಲ್ಲಿ ಇವು ನಡೆಯುತ್ತವೆ. ಲಂಡನ್ನಿನಲ್ಲಿ ‘ರೀಸ್ಟಾರ್ಟ್ ಪಾರ್ಟಿ’, ಅಮೆರಿಕದ ಹಲವು ಊರುಗಳಲ್ಲಿ ‘ಫಿಕ್ಸಿಟ್ ಕ್ಲಿನಿಕ್’ ಎಂಬ ಹೆಸರುಗಳಿವೆ. ಇಲ್ಲಿ ಕೆಲಸ ಮಾಡುವವರು ಸ್ವಯಂಸೇವಕರು, ಅನೇಕರು ನಿವೃತ್ತ ಕುಶಲಕರ್ಮಿಗಳು. ಕೂಲಿ ಇಲ್ಲ, ಮೇಜಿನ ಮೇಲೆ ಕಾಣಿಕೆ ಡಬ್ಬಿ ಇರುತ್ತದೆ, ಶಕ್ತ್ಯಾನುಸಾರ ಹಾಕಿ.

ಯಂತ್ರ ಒಪ್ಪಿಸಿ ಹೋಗಿ ಸಂಜೆ ಬರುತ್ತೇನೆ ಎನ್ನುವ ಜಾಗವಲ್ಲ ಇದು. ಬಾಗಿಲಲ್ಲಿ ಹೆಸರು ಬರೆಸಿ, ಹೊಣೆಗಾರಿಕೆಯ ಕಾಗದಕ್ಕೆ ಸಹಿ ಹಾಕಿ, ಸರದಿ ಬಂದಾಗ ಸ್ವಯಂಸೇವಕರ ಪಕ್ಕದಲ್ಲೇ ಕೂರಬೇಕು. ‘ಸದ್ದು ಮಾಡಿ ನಿಂತಿತೋ, ಸದ್ದಿಲ್ಲದೆ ನಿಂತಿತೋ?’ ಎಂದು ಕೇಳುತ್ತಾರೆ. ವ್ಯಾಕ್ಯೂಮ್ ಕ್ಲೀನರ್ ಆದರೆ, ವೈರಿನಲ್ಲಿ ವಿದ್ಯುತ್ ಹರಿಯುವ ದಾರಿ ತುಂಡಾಗಿಲ್ಲದಿದ್ದರೆ ‘ಬೀಪ್’ ಎನ್ನುವ ಮಲ್ಟಿಮೀಟರ್‌ನ ಎರಡು ಕಡ್ಡಿಗಳನ್ನು ಪ್ಲಗ್‌ನ ಕಾಲಿಗೂ ಒಳಗಿನ ತುದಿಗೂ ತಾಗಿಸಿ, ವೈರನ್ನು ಅಲ್ಲಲ್ಲಿ ಬಗ್ಗಿಸುತ್ತಾ ‘ಬೀಪ್’ ಎಲ್ಲಿ ತುಂಡಾಗುತ್ತದೆ ಎಂದು ಕಿವಿಗೊಡುತ್ತಾರೆ. ವೈರು ಮುರಿಯುವುದು ಹೆಚ್ಚಾಗಿ ಪ್ಲಗ್‌ನ ಕುತ್ತಿಗೆಯಲ್ಲಿ ಅಥವಾ ಯಂತ್ರದೊಳಗೆ ಹೊಗುವ ಜಾಗದಲ್ಲಿ. ಅಷ್ಟು ಕತ್ತರಿಸಿ ಹೊಸದಾಗಿ ಜೋಡಿಸಿದರೆ ಕೆಲಸ ಮುಗಿಯಿತು. ಸ್ಕ್ರೂಡ್ರೈವರ್ ನಿಮ್ಮ ಕೈಗೇ ಕೊಟ್ಟರೆ ಹಿಂಜರಿಯಬೇಡಿ, ಅಲ್ಲಿನ ಪದ್ಧತಿಯೇ ಅದು. ಯಂತ್ರವನ್ನು ಒರೆಸಿ, ಧೂಳಿನ ಚೀಲ ಖಾಲಿ ಮಾಡಿ, ಚಾರ್ಜರ್ ಸಮೇತ ಒಯ್ಯಿರಿ. ಫ್ರಿಜ್, ವಾಷಿಂಗ್ ಮಷೀನ್‌ಗಳನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ, ಮೈಕ್ರೊವೇವ್ ಅನ್ನು ಅನೇಕ ಕಡೆ ಮುಟ್ಟುವುದೇ ಇಲ್ಲ. ಮುಂಚೆಯೇ ಬರೆದು ಕೇಳಿ.

ಊರಿನಿಂದ ತಂದ ಮಿಕ್ಸಿಯ ಬಗ್ಗೆ ಒಂದು ಮಾತು. ನಡುವೆ ಗಕ್ಕನೆ ನಿಂತರೆ ಮಗುಚಿ ತಳ ನೋಡಿ. ಬಹಳಷ್ಟು ಮಿಕ್ಸಿಗಳ ತಳದಲ್ಲಿ, ಭಾರ ಹೆಚ್ಚಾದಾಗ ಯಂತ್ರವನ್ನು ನಿಲ್ಲಿಸುವ ಅತಿಭಾರದ ಗುಂಡಿ ಇದೆ, ಹಲವು ಬಾರಿ ಕೆಂಪು ಬಣ್ಣದ್ದು. ಪ್ಲಗ್ ಕಿತ್ತು, ಆರಲು ಬಿಟ್ಟು, ಅದನ್ನು ಒತ್ತಿದರೆ ಮತ್ತೆ ಓಡುತ್ತದೆ. ಇದು ತಿಳಿಯದೆ ಒಳ್ಳೆಯ ಮಿಕ್ಸಿಯನ್ನು ಕಸಕ್ಕೆ ಹಾಕಿದವರಿದ್ದಾರೆ. ಊರಿನ ಮಿಕ್ಸಿ 230 ವೋಲ್ಟ್‌ನ ಯಂತ್ರ. ಉತ್ತರ ಅಮೆರಿಕದ 120 ವೋಲ್ಟ್‌ನಲ್ಲಿ ಓಡಿಸಲು ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರ್ ಬೇಕು, ಅದರ ಸಾಮರ್ಥ್ಯ ಮಿಕ್ಸಿಯ ವಾಟ್‌ಗಿಂತ ಸಾಕಷ್ಟು ಹೆಚ್ಚಿರಬೇಕು. ಪ್ಲಗ್‌ನ ಆಕಾರ ಬದಲಿಸುವ ಅಡಾಪ್ಟರ್ ವೋಲ್ಟೇಜನ್ನು ಬದಲಿಸುವುದಿಲ್ಲ.

ಕಡಿಮೆ ಆದಾಯದವರಿಗೆ ಸರ್ಕಾರ, ದತ್ತಿ ಸಂಸ್ಥೆಗಳ ನೆರವೂ ಉಂಟು. ಅಮೆರಿಕ, ಕೆನಡಾಗಳಲ್ಲಿ 211ಕ್ಕೆ ಫೋನ್ ಮಾಡಿದರೆ ಹತ್ತಿರ ಏನು ಸಿಗುತ್ತದೆಂದು ಹೇಳುತ್ತಾರೆ. ಫ್ರಾನ್ಸಿನಲ್ಲಿ 2022ರ ಡಿಸೆಂಬರ್‌ನಿಂದ ಆದಾಯ ಎಷ್ಟೇ ಇರಲಿ, ಮಾನ್ಯತೆ ಪಡೆದ ರಿಪೇರಿಯವರ ಬಿಲ್ಲಿನಲ್ಲೇ ರಿಯಾಯಿತಿ ಕಳೆಯುವ ವ್ಯವಸ್ಥೆಯಿದೆ. ಆದರೆ ವೀಸಾ ಮೇಲೆ ಇರುವವರು ಆದಾಯ ಆಧಾರಿತ ಸರ್ಕಾರಿ ನೆರವಿಗೆ ಅರ್ಜಿ ಹಾಕುವ ಮುನ್ನ ವೀಸಾದ ಷರತ್ತು ಓದಿಕೊಳ್ಳಿ. ಬ್ರಿಟನ್ನಿನ ಬಹುತೇಕ ತಾತ್ಕಾಲಿಕ ವೀಸಾಗಳಲ್ಲಿ ಸಾರ್ವಜನಿಕ ನಿಧಿಯ ನೆರವು ಪಡೆಯುವಂತಿಲ್ಲ ಎಂಬ ಷರತ್ತಿದೆ. ರಿಪೇರಿ ಕೆಫೆಗೆ ಇಂಥ ತೊಡಕಿಲ್ಲ.

ಇನ್ನು ನಮ್ಮ ಕನ್ನಡ ಸಂಘದವರನ್ನು ಕೇಳುವುದು. ಧಾರಾಳವಾಗಿ ಕೇಳಿ, ಆದರೆ ಕ್ರಮವಾಗಿ ಕೇಳಿ. ‘ಫ್ರಿಜ್ ಕೆಟ್ಟಿದೆ, ಯಾರಾದರೂ ಗೊತ್ತಾ?’ ಎಂದರೆ ಹತ್ತು ಜನ ಹತ್ತು ಹೆಸರು ಹೇಳುತ್ತಾರೆ. ಮಾದರಿ ಸಂಖ್ಯೆ, ಯಂತ್ರದ ವಯಸ್ಸು, ಪರದೆಯ ಸಂಕೇತ, ಸದ್ದಿನ ಪುಟ್ಟ ವಿಡಿಯೋ ಇಟ್ಟು ಕೇಳಿದರೆ ಅದೇ ಯಂತ್ರ ಇಟ್ಟುಕೊಂಡವರೇ ಉತ್ತರಿಸುತ್ತಾರೆ. ಸಂಖ್ಯೆಯ ಚೀಟಿ ಫ್ರಿಜ್‌ನ ಒಳಗೋಡೆಯಲ್ಲಿ, ವಾಷಿಂಗ್ ಮಷೀನ್ ಮತ್ತು ಡಿಶ್‌ವಾಷರ್‌ಗಳ ಬಾಗಿಲಂಚಿನಲ್ಲಿ ಇರುತ್ತದೆ. ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದವರೆಲ್ಲ ಫ್ರಿಜ್ ಸರಿಮಾಡಬಲ್ಲರು ಎಂಬ ನಂಬಿಕೆಯನ್ನು ದಯವಿಟ್ಟು ಬಿಡಿ. ಪಾಪ, ಅವರು ಮುಖ ನೋಡಿ ಇಲ್ಲವೆನ್ನಲಾರದೆ ಬಂದು, ಹಿಂಬದಿಯ ಧೂಳು ಹೊಡೆದು ಹೋಗುತ್ತಾರೆ. ನಿಜಕ್ಕೂ ಕೈಚಳಕ ಇರುವವರು ಬಂದರೆ ಬಿಡಿಭಾಗದ ಹಣ, ಓಡಾಟದ ಖರ್ಚು ಅವರು ಕೇಳುವ ಮೊದಲೇ ಕೊಡಿ. ‘ನಮ್ಮವರೇ ತಾನೆ’ ಎಂದು ಸುಮ್ಮನಿದ್ದರೆ ಮುಂದಿನ ಹೊಸಬರಿಗೆ ಅವರು ಸಿಗುವುದಿಲ್ಲ.

ಕೊನೆಗೆ ಹಣ ಕೊಟ್ಟೇ ಕರೆಸಬೇಕಾದರೆ ಫೋನಿನಲ್ಲೇ ಕೇಳಿ: ಭೇಟಿ ಶುಲ್ಕ ಎಷ್ಟು, ರಿಪೇರಿ ಮಾಡಿಸಿದರೆ ಅದನ್ನು ಬಿಲ್ಲಿನಲ್ಲಿ ಕಳೆಯುತ್ತೀರಾ, ಅಂದಾಜನ್ನು ಬರೆದು ಕೊಡುತ್ತೀರಾ, ಮಾಡಿದ ಕೆಲಸಕ್ಕೆ ಎಷ್ಟು ದಿನದ ಖಾತರಿ. ಮಾದರಿ ಸಂಖ್ಯೆ ಮೊದಲೇ ಕೊಟ್ಟರೆ ಬಿಡಿಭಾಗ ಜೊತೆಗೇ ತರುತ್ತಾರೆ, ಎರಡನೆಯ ಭೇಟಿ ತಪ್ಪುತ್ತದೆ. ಯಂತ್ರ ಹಳೆಯದಾಗಿದ್ದು ರಿಪೇರಿ ಖರ್ಚು ಹೊಸದರ ಅರ್ಧಕ್ಕಿಂತ ಹೆಚ್ಚಾದರೆ ನಾನಾದರೆ ಕೈಬಿಡುತ್ತೇನೆ. ಸರಿಪಡಿಸಿದ ಹಳೆಯ ಯಂತ್ರಗಳನ್ನು ಖಾತರಿಯೊಂದಿಗೆ ಮಾರುವ ದತ್ತಿ ಅಂಗಡಿಗಳನ್ನು ಮೊದಲು ನೋಡುತ್ತೇನೆ. ಹೊಸದನ್ನೇ ಕೊಳ್ಳುವಿರಾದರೆ, ಐರೋಪ್ಯ ಒಕ್ಕೂಟದಲ್ಲಿ ಅದನ್ನು ತಂದುಕೊಡುವಾಗ ಅದೇ ಬಗೆಯ ಹಳೆಯ ಯಂತ್ರವನ್ನು ಅಂಗಡಿಯವರು ಶುಲ್ಕವಿಲ್ಲದೆ ಒಯ್ಯಬೇಕು. ಆರ್ಡರ್ ಮಾಡುವಾಗಲೇ ಇದನ್ನು ಬರೆಸಿ, ಇಲ್ಲದಿದ್ದರೆ ತಂದವರು ಹಳೆಯದನ್ನು ಅಲ್ಲೇ ಬಿಟ್ಟು ಹೋದಾರು.